ಬಯಲುಸೀಮೆಯ ಮೇ ಮಳೆ: ಮುನ್ಸೂಚನೆ ಓದುವ ಬಗೆ

ಬೇಸಿಗೆಯ ಕೊನೆಯ ವಾರಗಳಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹವಾಮಾನ ವರದಿಯಲ್ಲಿ ಮತ್ತೆ ಮತ್ತೆ ಕಾಣುವ ಸಾಲು: 'ಒಂದೆರಡು ಕಡೆ ಗುಡುಗು ಸಹಿತ ಮಳೆ'. ಕರಾವಳಿಯ ನಮಗೆ ಇದು ಸಣ್ಣ ಮಾತು. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಘಟ್ಟದಾಚೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಿಗೆ ಸಿಗುವುದು ಸುಮಾರು 800. ವರ್ಷವಿಡೀ ಹರಿಯುವ ನದಿಯೂ ಅಲ್ಲಿಲ್ಲ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 'ಒಂದೆರಡು ಕಡೆ' ಎಂದರೆ ಮಳೆಮಾಪನ ಕೇಂದ್ರಗಳ ಪೈಕಿ ಶೇ. 25ರೊಳಗೆ ಮಾತ್ರ. ನಾಲ್ಕು ಊರುಗಳಲ್ಲಿ ಮೂರಕ್ಕೆ ಹನಿಯೂ ಬೀಳದಿರಬಹುದು. ಬಿಸಿಲಿಗೆ ಕಾದ ನೆಲದಿಂದೆದ್ದ ಮೋಡ ಸಂಜೆ ಒಂದೂರಿನಲ್ಲಿ ಸುರಿದು ಮುಗಿಯುತ್ತದೆ. ಉಳುಮೆಗೆ ಹದ ಸಿಕ್ಕರೆ ರಾಗಿ ರೈತನಿಗೆ ಲಾಭ. ಆಲಿಕಲ್ಲು ಬಿದ್ದರೆ ದ್ರಾಕ್ಷಿ ಬೆಳೆಗಾರನಿಗೆ ನಷ್ಟ.

ಮುಂಗಾರು ಬಂದ ದಿನಾಂಕವೊಂದೇ ಭರವಸೆಯಲ್ಲ. 2025ರಲ್ಲಿ ಅದು ಮೇ 24ಕ್ಕೇ ಕೇರಳ ತಲುಪಿತು. 2024ರಲ್ಲಿ ಮೇ 30, 2023ರಲ್ಲಿ ಜೂನ್ 8. ಕೇರಳದ ಮಳೆ ಘಟ್ಟ ದಾಟಿ ಬಯಲಿಗೆ ಬರುವಾಗ ಬಹುಪಾಲು ಬರಿದಾಗಿರುತ್ತದೆ.

ಎಲ್ಲಕ್ಕಿಂತ ಮುಖ್ಯ, ಸಿಡಿಲು. ಅದಕ್ಕೆ ಬಲಿಯಾಗುವವರು ಹೆಚ್ಚಾಗಿ ಹೊಲದ ಕೂಲಿಯವರು, ಕುರಿ ಕಾಯುವವರು, ಮರದಡಿ ನಿಂತವರು. ಪ್ರಕೃತಿಯ ಪೆಟ್ಟು ಮೊದಲು ಬೀಳುವುದು ಬಡವರ ಮೇಲೆಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ಭಾನುವಾರದ ಬಲಿಪೂಜೆಯ ಪ್ರಕಟಣೆಗಳೊಂದಿಗೆ ವಾರದ ಮುನ್ಸೂಚನೆಯನ್ನೂ ಓದಿರಿ. ಗುಡುಗು ಕೇಳಿದೊಡನೆ ಕೆಲಸ ನಿಲ್ಲಿಸಲು ಕೂಲಿಯವರಿಗೆ ತಿಳಿಸಿರಿ. ತಗಡಿನ ಶೆಡ್ಡುಗಳಲ್ಲಿರುವ ಕಾರ್ಮಿಕರಿಗೆ ಧರ್ಮಕೇಂದ್ರದ ಸಭಾಂಗಣದ ಬಾಗಿಲು ತೆರೆದಿರಲಿ. ಮಳೆಗಾಗಿ ಪ್ರಾರ್ಥಿಸುವವರು ಮಳೆಯಲ್ಲಿ ನಿಂತವರನ್ನು ಮರೆಯಬಾರದು.