ಟೈರಿನ ವಯಸ್ಸು ಕೇಳಿ

ಮಜ್ದಾ ಎಂಎಕ್ಸ್-5 ನನ್ನ ಕನಸಿನ ಕಾರು. 1989ರಲ್ಲಿ ಬಂದ, ಎರಡೇ ಸೀಟಿನ, ಕೈಗೆಟಕುವ ಬೆಲೆಯ ಸ್ಪೋರ್ಟ್ಸ್ ಕಾರು. ಮೊದಲ ಮಾದರಿಯ ತೂಕ ಒಂದು ಟನ್ನಿಗೂ ಕಡಿಮೆ. 14 ಇಂಚಿನ, 185 ಮಿ.ಮೀ. ಅಗಲದ ಟೈರುಗಳೇ ಅದಕ್ಕೆ ಸಾಕಾಗಿದ್ದವು. ತಿರುವಿನಲ್ಲಿ ಅದರ ಸೊಗಸೆಲ್ಲ ಟೈರಿನ ಹಿಡಿತದಲ್ಲಿದೆ.

ಆದರೆ ವಾರಾಂತ್ಯಕ್ಕಷ್ಟೇ ಹೊರಬರುವ ಇಂಥ ಕಾರುಗಳ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ನೋಡಲು ಹೊಸದರಂತಿದ್ದರೂ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಪಕ್ಕದಲ್ಲಿ ‘2319’ ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು.

ಈ ಲೆಕ್ಕ ತಿಳಿಯದೆ, ಬಣ್ಣದ ಹೊಳಪು ನೋಡಿ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಬೈಕ್ ಮೊದಲ ಮಳೆಗೇ ಜಾರಿತು. ಮೊಣಕೈ ಗಾಯದಲ್ಲಿ ಮುಗಿಯಿತು. ಗೆಳೆಯರೇ, ಹಳೆ ಗಾಡಿ ಕೊಳ್ಳುವಾಗ ಬಗ್ಗಿ ಆ ನಾಲ್ಕು ಅಂಕಿ ಓದಿ; ಆಮೇಲೆ ಬೆಲೆ ಮಾತಾಡಿ.