ಹಮೀದಾ ಬಾನು ಅವರಿಗಾದ ಅನ್ಯಾಯ

2024ನೆಯ ಇಸವಿಯ ಮೇ 4ರಂದು ಗೂಗಲ್ ಸಂಸ್ಥೆಯವರು ತಮ್ಮ ಮುಖಪುಟದಲ್ಲಿ ಓರ್ವ ಮಹಿಳಾ ಪೈಲವಾನರ ಚಿತ್ರವನ್ನು ಪ್ರಕಟಿಸಿದರು. ಅದನ್ನು ಬರೆದವರು ನಮ್ಮ ಬೆಂಗಳೂರಿನ ಕಲಾವಿದೆಯೊಬ್ಬರು. ಚಿತ್ರದಲ್ಲಿದ್ದವರು ಅಲೀಗಢದ ಹಮೀದಾ ಬಾನು. ಸ್ವತಂತ್ರ ಭಾರತದ ಮೊದಲ ದಶಕದಲ್ಲಿ ವೃತ್ತಪತ್ರಗಳ ತುಂಬ ಹೆಸರಾಗಿದ್ದ ಈ ಮಹಿಳೆಯ ನೆನಪನ್ನು ಹೊರಗಿನ ಒಂದು ವ್ಯಾಪಾರೀ ಸಂಸ್ಥೆಯು ನಮಗೆ ಮಾಡಿಕೊಡಬೇಕಾಯಿತು ಎಂಬುದು ನಮಗೆ ಭೂಷಣವೇನೂ ಅಲ್ಲ. ಆ ಚಿತ್ರವನ್ನು ಮೆಚ್ಚಿ ಸುಮ್ಮನಾದವರೇ ಬಹಳ. ಆಕೆಯ ವೃತ್ತಿಜೀವನವನ್ನು ಕೆಡಿಸಿದವರಾರೆಂಬ ಪ್ರಶ್ನೆಯನ್ನು ಮಾತ್ರ ಅಂದೂ ಯಾರೂ ಎತ್ತಿದಂತೆ ಕಾಣಲಿಲ್ಲ.

ಮಿರ್ಜಾಪುರದಲ್ಲಿ ಹುಟ್ಟಿದ ಬಾನು ಅವರು ಸಲಾಂ ಪೈಲವಾನರಲ್ಲಿ ಕುಸ್ತಿಯನ್ನು ಕಲಿಯಲು ಅಲೀಗಢಕ್ಕೆ ಬಂದರು. ಗರಡಿಯ ಮಣ್ಣನ್ನು ಹೆಂಗಸು ಮೆಟ್ಟಬಾರದೆಂಬ ಕಟ್ಟಳೆ ಉತ್ತರದೇಶದಲ್ಲಿ ಎಷ್ಟು ಬಿಗಿಯಾಗಿದ್ದಿತೋ ನಮ್ಮ ಕಡೆಯ ಹನುಮಂತನ ಗರಡಿಗಳಲ್ಲಿಯೂ ಅಷ್ಟೇ ಬಿಗಿಯಾಗಿದ್ದಿತು. ಅಂತಹ ಕಾಲದಲ್ಲಿ 5 ಅಡಿ 3 ಅಂಗುಲ ಎತ್ತರದ, 108 ಕಿಲೋ ತೂಕದ ಈ ಮಹಿಳೆಯು ದಿನಕ್ಕೆ ಆರು ಗಂಟೆ ಸಾಧನೆ ಮಾಡಿ, ಹೆಂಗಸರಲ್ಲಿ ಜೋಡಿ ದೊರೆಯದೆ ಗಂಡಸರೊಡನೆಯೇ ಕಣಕ್ಕಿಳಿದರು. ಆಕೆಯ ಆಹಾರದ ಪಟ್ಟಿಯನ್ನು ಆಗಿನ ಪತ್ರಿಕೆಗಳು ಬಾಯಿ ಚಪ್ಪರಿಸಿ ಅಚ್ಚು ಹಾಕುತ್ತಿದ್ದವು: 5.6 ಲೀಟರು ಹಾಲು, ಅರ್ಧ ಕಿಲೋ ಬೆಣ್ಣೆ, ಆರು ಮೊಟ್ಟೆ, ಒಂದು ಕೋಳಿ, ಕಿಲೋದಷ್ಟು ಮಾಂಸ, ಬಾದಾಮಿ, ಎರಡು ತಟ್ಟೆ ಬಿರಿಯಾನಿ. ಗಂಡು ಪೈಲವಾನನ ಊಟವನ್ನು ಸಾಧನೆಯ ಅಂಗವೆಂದು ಬರೆಯುವ ಲೇಖನಿಯು ಹೆಣ್ಣಿನ ಊಟವನ್ನು ವಿಚಿತ್ರವೆಂದು ಬರೆಯುವುದು ನಮ್ಮ ವೃತ್ತಿಯವರ ಹಳೆಯ ಚಾಳಿ.

1944ರಲ್ಲಿ ಗೂಂಗಾ ಪೈಲವಾನನೊಡನೆ ಆಕೆಯ ಕುಸ್ತಿಯನ್ನು ನೋಡಲು ಮುಂಬಯಿಯಲ್ಲಿ ಸುಮಾರು 20,000 ಜನರು ಕೂಡಿದ್ದರೆಂದು 'ಬಾಂಬೆ ಕ್ರಾನಿಕಲ್' ಪತ್ರಿಕೆಯು ಅಂದಾಜು ಮಾಡಿದ್ದಿತು. ಗೂಂಗಾನು ಹೆಚ್ಚಿನ ಹಣವನ್ನೂ ಹೆಚ್ಚಿನ ಕಾಲಾವಕಾಶವನ್ನೂ ಕೇಳಿದನು, ಕುಸ್ತಿ ನಿಂತುಹೋಯಿತು, ರೇಗಿದ ಜನರು ಕ್ರೀಡಾಂಗಣವನ್ನೇ ಹಾಳುಗೆಡವಿದರು. ಹತ್ತು ವರುಷಗಳ ಮೇಲೆ, 1954ರ ಫೆಬ್ರುವರಿಯಲ್ಲಿ, ಬಾನು ಅವರು ಪ್ರಸಿದ್ಧವಾದ ತಮ್ಮ ಪಂಥವನ್ನು ಸಾರಿದರು: ತಮ್ಮನ್ನು ಕುಸ್ತಿಯಲ್ಲಿ ಸೋಲಿಸಿದವನನ್ನು ತಾವು ವರಿಸುವೆವು. ಇದು ಅಗ್ಗದ ಜಾಹೀರಾತು ಎಂದು ಮೂಗು ಮುರಿದವರುಂಟು. ಜಾಹೀರಾತೇ ಅಹುದು, ಅಲ್ಲವೆಂದವರಾರು? ಹೆಂಗಸಿನೊಡನೆ ಹಿಡಿದರೆ ಸೋತರೂ ಅವಮಾನ, ಗೆದ್ದರೂ ಕೀರ್ತಿಯಿಲ್ಲವೆಂದು ಹಿಂಜರಿಯುವ ಗಂಡಸರನ್ನು ಕಣಕ್ಕೆ ಎಳೆಯಬೇಕಾದರೆ ಅವರ ಅಭಿಮಾನವನ್ನು ಕೆಣಕದೆ ಬೇರೆ ದಾರಿ ಇರಲಿಲ್ಲವೆಂದು ನಾವು ತಿಳಿಯುತ್ತೇವೆ. ಪಟಿಯಾಲದ ಪೈಲವಾನನೊಬ್ಬನೂ ಕಲಕತ್ತೆಯ ಪೈಲವಾನನೊಬ್ಬನೂ ಆ ಪಂಥಕ್ಕೆ ಬಂದು ಸೋತರು. ಮೇ ತಿಂಗಳಲ್ಲಿ ಬಡೋದೆಯಲ್ಲಿ ಮಹಾರಾಜರ ಆಶ್ರಯದ ಛೋಟೇ ಗಾಮಾನೊಡನೆ ಕುಸ್ತಿ ಗೊತ್ತಾಗಿದ್ದಿತು; ಊರ ತುಂಬ ಬಂಡಿಗಳ ಮೇಲೆ ಭಿತ್ತಿಪತ್ರಗಳು ಹೊರಟಿದ್ದವು. ಕಡೆಯ ಗಳಿಗೆಯಲ್ಲಿ ಅವನು ಹಿಂದೆಗೆದನು. ಅವನ ಬದಲಾಗಿ ಬಂದ ಬಾಬಾ ಪೈಲವಾನನ ಬೆನ್ನು ನೆಲಕ್ಕೆ ತಾಗಲು ಹಿಡಿದ ಹೊತ್ತು 1 ನಿಮಿಷ 34 ಸೆಕೆಂಡು. ಅದೇ ವರುಷ ಮುಂಬಯಿಯಲ್ಲಿ ರಷ್ಯದ 'ಹೆಣ್ಣು ಕರಡಿ'ಯೆಂದು ಹೆಸರಾದ ವೇರಾ ಚಿಸ್ತಿಲಿನ್ ಆಕೆಯೆದುರು ಒಂದು ನಿಮಿಷವೂ ನಿಲ್ಲಲಾರದೆ ಹೋದರು.

ಇಷ್ಟಾದರೂ ಗೆಲುವು ಆಕೆಗೆ ದಕ್ಕಲಿಲ್ಲ. ಗಂಡಸರನ್ನು ಗೆದ್ದಾಗಲೆಲ್ಲ ಅದು ಮೊದಲೇ ಮಾತಾಡಿಕೊಂಡ ಕುಸ್ತಿಯೆಂಬ ಗುಸುಗುಸು ಎದ್ದಿತು. ಒಂದು ಪ್ರಸಂಗದಲ್ಲಿ ಗೆದ್ದ ತಪ್ಪಿಗೆ ಜನರು ಆಕೆಯ ಮೇಲೆ ಕಲ್ಲು ತೂರಿದರು. ಪುಣೆಯಲ್ಲಿ ರಾಮಚಂದ್ರ ಸಾಳುಂಕೆಯವರೊಡನೆ ಆಗಬೇಕಾಗಿದ್ದ ಕುಸ್ತಿಯು ಕುಸ್ತಿ ಸಂಘದವರ ಆಕ್ಷೇಪಣೆಯಿಂದ ನಿಂತಿತು. ಮುಂಬಯಿ ಸರಕಾರವು ಆಕೆಯ ಕುಸ್ತಿಗಳಿಗೆ ಅಡ್ಡಿ ಮಾಡಿದಾಗ ಬಾನು ಅವರು ಮುಖ್ಯಮಂತ್ರಿಗಳಾಗಿದ್ದ ಶ್ರೀ ಮೊರಾರ್ಜಿ ದೇಸಾಯಿಯವರಿಗೇ ದೂರು ಕೊಟ್ಟರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೂ 1956ರ ವರೆಗೆ ಅದೇ ಸರಕಾರದ ಕೈಕೆಳಗಿದ್ದವಾದ್ದರಿಂದ ಇದು ನಮ್ಮನ್ನು ಆಳಿದ ಸರಕಾರದ ನಡೆಯೇ ಆಗಿದೆಯೆಂಬುದನ್ನು ವಾಚಕರು ಮರೆಯಬಾರದು.

ಶ್ರೀ ದೇಸಾಯಿಯವರು ಕೊಟ್ಟ ಉತ್ತರವು ಗಮನಾರ್ಹವಾದುದು. ಆಕೆ ಹೆಣ್ಣೆಂಬ ಕಾರಣಕ್ಕೆ ಕುಸ್ತಿಯನ್ನು ತಡೆದಿಲ್ಲ. ಕುಸ್ತಿ ಏರ್ಪಡಿಸುವವರು ಆಕೆಯೆದುರು ಹುಸಿ ಎದುರಾಳಿಗಳನ್ನು ನಿಲ್ಲಿಸುತ್ತಿರುವರೆಂದು ದೂರುಗಳು ಬಂದಿವೆ, ಅದಕ್ಕಾಗಿ ತಡೆದಿದೆ ಎಂಬುದು ಅದರ ತಾತ್ಪರ್ಯ. ಅವರು ಸುಳ್ಳಾಡಿದರೆಂದು ನಾವು ಹೇಳುವುದಿಲ್ಲ. ಹಣದ ಕುಸ್ತಿಯಲ್ಲಿ ಮೋಸವುಂಟೆಂಬುದು ಊರೆಲ್ಲ ಬಲ್ಲ ಸಂಗತಿ. ಆದರೆ ಆ ಉತ್ತರವನ್ನು ನಿಜವೆಂದೇ ಹಿಡಿದರೂ ನ್ಯಾಯವೆಲ್ಲಿ ಉಳಿಯಿತು? ಹುಸಿ ಆಳನ್ನು ನಿಲ್ಲಿಸಿದವನು ಗುತ್ತಿಗೆದಾರ. ಟಿಕೀಟಿನ ಹಣವನ್ನು ಎಣಿಸಿಕೊಂಡವನು ಗುತ್ತಿಗೆದಾರ. ಸರಕಾರದಿಂದ ಪರವಾನಗಿ ಬೇಡಬೇಕಾದವನೂ ಅವನೇ. ಅವನನ್ನು ಕರೆಯಿಸಿ ವಿಚಾರಿಸಲು ಪೋಲೀಸರಿಗೆ ಏನು ಕಷ್ಟವಿದ್ದಿತು? ಒಳ್ಳೆಯ ಪಂಚರನ್ನು ಕೂಡಿಸಿ, ಎದುರಾಳಿಯನ್ನು ಅವರೇ ಆರಿಸುವಂತೆ ಮಾಡಿದ್ದರೆ ಒಂದೇ ದಿನದಲ್ಲಿ ಸತ್ಯವು ಹೊರಬೀಳುತ್ತಿದ್ದಿತು. ಹಾಗೆ ಮಾಡದೆ ಕುಸ್ತಿಯನ್ನೇ ನಿಲ್ಲಿಸಿದುದರಿಂದ ಗುತ್ತಿಗೆದಾರನು ಬೇರೆ ಜೋಡಿಯನ್ನು ಹುಡುಕಿಕೊಂಡನು, ಬಾನು ಅವರು ಅನ್ನವನ್ನು ಕಳೆದುಕೊಂಡರು. ತಮ್ಮ ಗೆಲುವು ನಿಜವೆಂದು ತೋರಿಸಲು ಆಕೆಗಿದ್ದುದು ಕಣವೊಂದೇ. ಅದನ್ನೇ ಕಿತ್ತುಕೊಂಡ ಮೇಲೆ ಸಂಶಯವು ಶಾಶ್ವತವಾಯಿತು. ಮುಂದೆ ದಾರಾ ಸಿಂಗ್, ಕಿಂಗ್ ಕಾಂಗ್ ಮೊದಲಾದವರ ಕುಸ್ತಿಗಳಿಗೆ ಅದೇ ಮುಂಬಯಿಯ ಜನರು ಮುಗಿಬಿದ್ದರು. ಅಲ್ಲಿಯೂ ಪಿಸುಮಾತುಗಳಿರಲಿಲ್ಲವೆ? ಆದರೂ ಆ ಆಟಗಳು ನಡೆದೇ ನಡೆದವು.

ಇದು ತೀರಿಹೋದ ಕಾಲದ ಕಥೆಯೆಂದು ಕೈತೊಳೆದುಕೊಳ್ಳಲು ನಮಗೆ ಮನಸ್ಸು ಬಾರದು. 2004ರಿಂದ ಮಹಿಳೆಯರ ಕುಸ್ತಿಯು ಒಲಿಂಪಿಕ್ಸ್‌ನಲ್ಲಿದೆ. 2016ರಲ್ಲಿ ಸಾಕ್ಷಿ ಮಲಿಕ್ ಅವರು ಕಂಚಿನ ಪದಕವನ್ನು ತಂದರು. ಮೈಸೂರಿನ ದಸರಾ ಕುಸ್ತಿಯಲ್ಲಿಯೂ ಹೆಣ್ಣುಮಕ್ಕಳು ಸೆಣಸುತ್ತಿರುವರು. ಆದರೆ 2023ರಲ್ಲಿ ಅದೇ ಸಾಕ್ಷಿಯವರೂ ಸಂಗಡಿಗರೂ ಕುಸ್ತಿ ಒಕ್ಕೂಟದ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ದೂರನ್ನು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತಾಗ, ಮೇ 28ರಂದು ಪೋಲೀಸರು ಅವರನ್ನು ರಸ್ತೆಯಿಂದ ಎಳೆದೊಯ್ದರು. ಅಂದು ಕುಸ್ತಿ ನಿಂತಿತು, ಇಂದು ಧರಣಿ ನಿಂತಿತು. ವಿಚಾರಣೆ ಮಾತ್ರ ಎರಡು ಸಲವೂ ಹಿಂದೆ ಬಿದ್ದಿತು.

ಬಾನು ಅವರಿಗೆ ಪೆಟ್ಟು ಬಿದ್ದುದು ಸರಕಾರದಿಂದ ಮಾತ್ರವಲ್ಲ. ವೇರಾರನ್ನು ಗೆದ್ದ ಮೇಲೆ ಯುರೋಪಿಗೆ ಹೋಗಿ ಕುಸ್ತಿಯಾಡುವುದಾಗಿ ಆಕೆ ಸಾರಿದ್ದರು. ಅದನ್ನು ತಡೆಯಲು ಸಲಾಂ ಪೈಲವಾನರು ಬಡಿಗೆಯಿಂದ ಹೊಡೆದು ಆಕೆಯ ಕೈಗಳನ್ನು ಮುರಿದರೆಂದು ಆಕೆಯ ಮೊಮ್ಮಗನು ಹೇಳಿರುವನು. ಇದು ಮನೆಯವರ ಮಾತು, ನ್ಯಾಯಸ್ಥಾನದ ತೀರ್ಪಲ್ಲ. ಯುರೋಪಿಗಂತೂ ಆಕೆ ಹೋಗಲಿಲ್ಲ. ಮುಂಬಯಿಯ ಬಳಿಯ ಕಲ್ಯಾಣದಲ್ಲಿ ನೆಲೆಸಿ ಹಾಲಿನ ವ್ಯಾಪಾರ ಮಾಡಿದರು. ಅದೂ ಕೈಹಿಡಿಯದಾಗ ರಸ್ತೆಯ ಬದಿಯಲ್ಲಿ ತಿಂಡಿಯನ್ನು ಮಾರಿದರು. 1986ರಲ್ಲಿ ತೀರಿಕೊಂಡರು.

ಮುನ್ನೂರಕ್ಕೆ ಮೇಲ್ಪಟ್ಟು ಕುಸ್ತಿಗಳನ್ನು ಗೆದ್ದಿರುವುದಾಗಿ ಆಗಿನ ಪತ್ರಿಕೆಗಳಲ್ಲಿ ಬಂದ ಲೆಕ್ಕವನ್ನು ಕೆಲವರು ಈಗಲೂ ನಂಬುವುದಿಲ್ಲ. ಹಳೆಯ ಮುಂಬಯಿ ಸರಕಾರದ ದಫ್ತರಗಳಿಗೆ ಉತ್ತರಾಧಿಕಾರಿಗಳಾದ ಮಹಾರಾಷ್ಟ್ರ ಸರಕಾರದವರು, ಆ ಹುಸಿ ಎದುರಾಳಿಗಳ ದೂರುಗಳು ತಮ್ಮಲ್ಲಿ ಉಳಿದಿದ್ದರೆ ಅವನ್ನು ಹೊರಗಿಡಲಿ. ಯಾರು ದೂರಿದರು, ಯಾವ ಕುಸ್ತಿಯ ಮೇಲೆ ದೂರಿದರು, ಯಾವ ಗುತ್ತಿಗೆದಾರನನ್ನು ವಿಚಾರಿಸಲಾಯಿತು ಎಂಬ ಮೂರು ಸಂಗತಿಗಳನ್ನು ತಿಳಿಯಬೇಕೆಂದು ನಾವು ಕೇಳುತ್ತೇವೆ.