ಉಂಡವರು ಮಾತಾಡಬೇಕು

2025ರ ಜೂನಿನಲ್ಲಿ ಇರಾನಿನ ಮೇಲೆ ಬಾಂಬು ಬೀಳುತ್ತಿದ್ದಾಗ ನಮ್ಮ ಟೀವಿ ಚಾನೆಲ್ಲುಗಳಿಗೆ ಹಬ್ಬ. ನಕ್ಷೆಯ ಮೇಲೆ ಕೆಂಪು ಚುಕ್ಕೆ ಸಿಡಿಯುತ್ತಿತ್ತು, ಹಿಂದೆ ಸಿನಿಮಾ ಫೈಟಿಗೆ ಹಾಕುವಂಥ ಸಂಗೀತ. ತಬ್ರೀಜ್, ಇಸ್ಫಹಾನ್, ಕೆರ್ಮಾನ್‌ಶಾಹ್ ಎಂಬ ಹೆಸರುಗಳು ಕ್ರಿಕೆಟ್ ಸ್ಕೋರಿನಂತೆ ಪರದೆಯ ಕೆಳಗೆ ಓಡುತ್ತಿದ್ದವು. ಆ ಹನ್ನೆರಡು ದಿನವೂ ನಾನು ಕಾದದ್ದು ಒಂದು ದನಿಗಾಗಿ: ಆ ಊರುಗಳಲ್ಲಿ ಉಂಡು, ಮಲಗಿ, ಎದ್ದು ಬಂದವರ ದನಿಗಾಗಿ. ಮಾತಾಡಿದವರು ಕೆಲವರೇ. ಉಳಿದವರು ಸುಮ್ಮನಿದ್ದರು. ಈ ಕರೆ ಮೊದಲು ಅವರಿಗೆ, ಆಮೇಲೆ ನಮಗೆಲ್ಲರಿಗೂ.

ಟರ್ಕಿಯ ಕಡೆಯಿಂದ ಬಜರ್‌ಗಾನ್ ಗಡಿ ದಾಟಿದರೆ ಮೊದಲು ಸಿಗುವ ದೊಡ್ಡ ಊರು ತಬ್ರೀಜ್. ಅಲ್ಲಿ ಮನೆಮಾತು ಫಾರಸಿಯಲ್ಲ, ಅಜರಿ ತುರ್ಕಿ. ಅಲ್ಲಿಂದ ಟೆಹ್ರಾನಿಗೆ ಸುಮಾರು 600 ಕಿಲೋಮೀಟರ್. ಮುಂದೆ ಕೋಮ್, ಕಾಶಾನ್, ಇಸ್ಫಹಾನ್, ಯಜ್ದ್, ಕೆರ್ಮಾನ್, ಬಾಮ್. ಕೊನೆಗೆ ಪಾಕಿಸ್ತಾನದ ಗಡಿಯ ಮೀರ್‌ಜಾವೆ. 1960–70ರ ದಶಕಗಳಲ್ಲಿ ಯುರೋಪಿನಿಂದ ಭಾರತಕ್ಕೆ ಬಸ್ಸು ಹಿಡಿದು ಬರುತ್ತಿದ್ದ ಹಿಪ್ಪಿಗಳೂ ಈ ದೇಶವನ್ನು ಹಾದೇ ಬರುತ್ತಿದ್ದರು. ಆಮೇಲೆ ಬೈಕಿನವರು, ಸೈಕಲ್ಲಿನವರು. ಅವರಲ್ಲಿ ಯಾರನ್ನೇ ಕೇಳಿ, ಹೆಚ್ಚುಕಡಿಮೆ ಒಂದೇ ದೂರು: ಹೋಟೆಲಿಗೆ ಹೋಗಲು ಬಿಡಲಿಲ್ಲ, ಮನೆಗೆ ಎಳೆದುಕೊಂಡು ಹೋದರು.

ಬಸ್ಸಿನಲ್ಲಿ ಪಕ್ಕದ ಸೀಟಿನವರು ಸೌತೆಕಾಯಿ ಸಿಪ್ಪೆ ತೆಗೆದು ಉಪ್ಪು ಹಚ್ಚಿ ಕೈಗಿಡುತ್ತಾರೆ. ಅಲ್ಲಿ ಅದನ್ನು ಹಣ್ಣಿನಂತೆಯೇ ತಿನ್ನುವುದು. ರಸ್ತೆ ಬದಿಯ ಮರದಡಿ ಜಮಖಾನೆ ಹಾಸಿ ಕೂತ ಕುಟುಂಬ ಹಾದುಹೋಗುವ ಸೈಕಲ್ಲನ್ನು ಕೈಬೀಸಿ ನಿಲ್ಲಿಸುತ್ತದೆ; ಸಕ್ಕರೆಯ ಉಂಡೆ ಹಲ್ಲಿನಲ್ಲಿ ಕಚ್ಚಿಕೊಂಡು ಚಹಾ ಹೀರುವುದನ್ನು ಕಲಿಸಿಯೇ ಮುಂದಕ್ಕೆ ಬಿಡುತ್ತದೆ. ಟ್ಯಾಕ್ಸಿಯವನು ಬಾಡಿಗೆ ಬೇಡ ಎನ್ನುತ್ತಾನೆ. ಅದು ಉಪಚಾರದ ಮಾತು, ಒತ್ತಾಯ ಮಾಡಿ ಕೊಟ್ಟೇ ಇಳಿಯಬೇಕು. 'ನನ್ನದು ಊಟ ಆಯ್ತು' ಎಂದು ಸುಳ್ಳು ಹೇಳುವ ನೆಂಟನಿಗೂ ನಮ್ಮ ಹಳ್ಳಿಗಳಲ್ಲಿ ಮೂರನೇ ಮಾತಿಗೆ ಎಲೆ ಹಾಕಿಯೇ ಬಿಡುತ್ತಾರಲ್ಲ, ಹಾಗೆ. ಮನೆಯೊಳಗೆ ನೆಲದ ಮೇಲೆ ಬಟ್ಟೆ ಹಾಸಿ ಊಟ. ಪಾತ್ರೆಯ ತಳದಲ್ಲಿ ಹೊಂಬಣ್ಣಕ್ಕೆ ಗರಿಗರಿಯಾಗಿ ಕೂತ ಅನ್ನದ ಪದರಕ್ಕೆ ತಹ್‌ದಿಗ್ ಎನ್ನುತ್ತಾರೆ. ಮನೆಯ ಮಕ್ಕಳು ಅದಕ್ಕಾಗಿ ಜಗಳವಾಡುತ್ತಾರೆ. ಅತಿಥಿ ಬಂದ ದಿನ ದೊಡ್ಡ ತುಂಡು ಅತಿಥಿಯ ತಟ್ಟೆಗೆ.

ಇನ್ನೊಂದು ಮಾತು ನೆನಪಿರಲಿ. ಇರಾನಿನ ಮೇಲಿನ ನಿರ್ಬಂಧಗಳ ಕಾರಣಕ್ಕೆ ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡು ಅಲ್ಲಿ ನಡೆಯುವುದಿಲ್ಲ. ಜೇಬಿನ ನೋಟು ಮುಗಿದರೆ ಪರದೇಶಿ ನಿಜವಾಗಿಯೂ ಪರದೇಶಿ. ಆಗ ಕೈಹಿಡಿಯುವವರು, ಅದೇ ನಿರ್ಬಂಧಗಳಿಂದ ತಮ್ಮ ರಿಯಾಲ್ ಕಾಗದವಾಗುತ್ತಿರುವುದನ್ನು ಕಣ್ಣಾರೆ ಕಾಣುತ್ತಿರುವ ಜನ.

ಹಾಗೆಂದು ಇರಾನನ್ನು ಸ್ವರ್ಗವೆಂದು ಮಾರಲು ನಾನು ಬಂದಿಲ್ಲ. ಕೆಲಸದ ಆಸೆ ತೋರಿಸಿ ಭಾರತೀಯರನ್ನು ಕರೆಸಿ ಒತ್ತೆಯಿಟ್ಟುಕೊಂಡ ದಂಧೆಕೋರರು ಅಲ್ಲಿದ್ದಾರೆ. 2024ರಲ್ಲಿ ನಮಗೆ ಸಿಕ್ಕಿದ್ದ ವೀಸಾ ವಿನಾಯಿತಿ 2025ರ ನವೆಂಬರಿನಲ್ಲಿ ನಿಂತದ್ದು ಅದಕ್ಕಾಗಿ. ನಮ್ಮನ್ನು ಮನೆಗೆ ಕರೆದು ಉಣಿಸುವ ಸಮಾಜವೇ, ದಶಕಗಳಿಂದ ತನ್ನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಆಫ್ಘನ್ ಕೂಲಿಯವನನ್ನು ಕೀಳಾಗಿ ಕಾಣುವುದೂ ಉಂಟು. 2025ರಲ್ಲಿ ಲಕ್ಷಗಟ್ಟಲೆ ಆಫ್ಘನ್ನರನ್ನು ಗಡಿಯಾಚೆ ತಳ್ಳಲಾಯಿತು. ಸರ್ಕಾರದ ವಿಷಯವಂತೂ ಹೇಳುವುದೇ ಬೇಡ. 2020ರ ಜನವರಿಯಲ್ಲಿ ಅದರ ಸೈನಿಕರೇ ಟೆಹ್ರಾನಿನಿಂದ ಹೊರಟ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದರು. 176 ಜನ ಸತ್ತರು. 2022ರ ಸೆಪ್ಟೆಂಬರಿನಲ್ಲಿ ತಲೆವಸ್ತ್ರದ ನೆಪದಲ್ಲಿ ಹಿಡಿದೊಯ್ದ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿದ್ದಾಗ ಕುಸಿದು ಸತ್ತಳು. ಆಕೆಗೆ ಇಪ್ಪತ್ತೆರಡು ವರ್ಷ. ಅದನ್ನು ಪ್ರತಿಭಟಿಸಿ ಬೀದಿಗಿಳಿದು ಗುಂಡಿಗೆ ಎದೆಕೊಟ್ಟವರು ಯಾರು? ನಾವು 'ಆ ಮತಾಂಧರು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ಆ ಜನವೇ, ಆ ಹುಡುಗಿಯರೇ. ಒಳಗಿನ ಲಾಠಿ ತಿಂದವರ ಮೇಲೆಯೇ ಹೊರಗಿನ ಬಾಂಬೂ ಬೀಳುತ್ತಿದ್ದರೆ ನಾವು ಚಪ್ಪಾಳೆ ತಟ್ಟಬೇಕೇ?

ಹೊರಗಿನಿಂದ ಬಂದವನ ಮೇಲೆ ವಿಚಾರಿಸದೆ ತೀರ್ಪು ಕೊಟ್ಟ ಹಳೆಯದೊಂದು ಪಾಪ ಕನ್ನಡ ನೆಲಕ್ಕೂ ಅಂಟಿದೆ. ಇರಾನಿನ ಕ್ಯಾಸ್ಪಿಯನ್ ತೀರದ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬೀದರಿನಲ್ಲಿ ನೆಲೆನಿಂತ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಮಿನಾರಿಗೆ ಅಲ್ಲಲ್ಲಿ ಬಣ್ಣದ ಹೆಂಚು ಈಗಲೂ ಅಂಟಿಕೊಂಡಿದೆ. ಆಸ್ಥಾನದಲ್ಲಿ ಆಗ ಎರಡು ಬಣ: ಇಲ್ಲಿಯ ದಖ್ಖನಿಗಳು, ಹೊರಗಿನಿಂದ ಬಂದವರು. ಗವಾನನಿಗೆ ಆಗದವರು ಅವನ ಮೊಹರು ಕಾಯುವವನನ್ನು ಒಲಿಸಿ, ಕುಡಿಸಿ, ಖಾಲಿ ಹಾಳೆಗೆ ಮೊಹರು ಒತ್ತಿಸಿಕೊಂಡರು. ಅದರ ಮೇಲೆ, ಬಹಮನಿ ರಾಜ್ಯಕ್ಕೆ ದಂಡೆತ್ತಿ ಬಾ ಎಂದು ಒಡಿಶಾದ ರಾಜನನ್ನು ಕರೆಯುವ ಪತ್ರ ಬರೆದರು. ಅಮಲಿನಲ್ಲಿದ್ದ ಸುಲ್ತಾನ ಪತ್ರ ಕೇಳಿದವನೇ ವಿಚಾರಣೆಯಿಲ್ಲದೆ ತಲೆ ತೆಗೆಸಿದ. ಅದು 1481. ಆಮೇಲೆ ಪ್ರಧಾನಿಯ ಗಂಟು ಹುಡುಕಿಸಿದರೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಮರುವರ್ಷ ಸುಲ್ತಾನನೂ ಸತ್ತ, ಕೆಲವೇ ದಶಕಗಳಲ್ಲಿ ರಾಜ್ಯ ಒಡೆದು ಐದಾಯಿತು. ಮೊಹರು ಯಾರದೆಂದು ನೋಡಿದರು, ಬರೆದ ಕೈ ಯಾರದೆಂದು ನೋಡಲಿಲ್ಲ.

ನಮ್ಮ ಫೋನಿಗೆ ಬೆಳಗಾಗೆದ್ದರೆ ಬಂದು ಬೀಳುತ್ತಿರುವುದೂ ಅಂಥ ಪತ್ರಗಳೇ. ಎಂಟು ಕೋಟಿಗೂ ಮೀರಿದ ಜನರ ಹೆಸರಲ್ಲಿ ಯಾರೋ ಮೊಹರು ಒತ್ತಿರುತ್ತಾರೆ. ನಾವು ಓದುತ್ತೇವೆ, ತೀರ್ಪು ಕೊಡುತ್ತೇವೆ, ಮುಂದಕ್ಕೆ ಕಳಿಸುತ್ತೇವೆ.

ಬೀದರಿನವರೇ, ನೌಬಾದಿನ ಸುರಂಗ ಬಾವಿಗೆ ಒಮ್ಮೆ ಇಳಿದು ನೋಡಿ. ಮೇಲಿನ ದಿಬ್ಬದಲ್ಲಿ ತಾಯಿಬಾವಿ ತೋಡಿ, ಸಣ್ಣ ಇಳಿಜಾರಿನ ಸುರಂಗ ಕೊರೆದು, ಗಾಳಿಗೂ ಹೂಳೆತ್ತಲೂ ನಡುನಡುವೆ ಬಾವಿ ಬಿಟ್ಟು, ಪಂಪಿಲ್ಲದೆ ನೀರು ಹರಿಸುವ ವಿದ್ಯೆ ಪರ್ಷಿಯಾದ್ದು. ಯಜ್ದ್ ಊರು ಮರುಭೂಮಿಯಲ್ಲಿ ಬದುಕಿದ್ದೇ ಅದರಿಂದ. ಬಹಮನಿ ಕಾಲದಲ್ಲಿ ಅದು ನಿಮ್ಮ ಕೆಂಪು ಕಲ್ಲಿನೊಳಗೆ ಹರಿಯಿತು. ಕುದುರೆಮುಖದವರಿಗೂ ಗೊತ್ತು: 1976ರಲ್ಲಿ ಅಲ್ಲಿ ಗಣಿ ಕಂಪನಿ ಶುರುವಾದದ್ದು ಇರಾನಿನ ಸಾಲದ ಭರವಸೆಯ ಮೇಲೆ. 1979ರ ಕ್ರಾಂತಿಯಾಗಿ ಅದಿರು ಕೊಳ್ಳಬೇಕಿದ್ದವರೇ ಹಿಂದೆ ಸರಿದರು. ಗೌರಿಬಿದನೂರು ತಾಲೂಕಿನ ಅಲೀಪುರದ ಹುಡುಗರು ಇಂದಿಗೂ ಕೋಮ್‌ಗೆ ಓದಲು ಹೋಗುತ್ತಾರೆ. ಜೂನಿನ ಆ ಯುದ್ಧದ ನಡುವೆಯೂ, ಆಕಾಶ ಮುಚ್ಚಿದ್ದ ಇರಾನ್ ಮಶ್ಹದ್‌ನಿಂದ ನಮ್ಮ ವಿದ್ಯಾರ್ಥಿಗಳನ್ನು ಕರೆತರುವ ವಿಮಾನಗಳಿಗೆ ದಾರಿ ಬಿಟ್ಟಿತು. ಇಷ್ಟಾದ ಮೇಲೂ 'ನಮಗೂ ಅವರಿಗೂ ಏನು ಸಂಬಂಧ' ಎನ್ನುವವರ ಮಾತಿಗೆ ನನ್ನಲ್ಲಿ ತಾಳ್ಮೆ ಉಳಿದಿಲ್ಲ.

ಹಾಗಾದರೆ ಏನು ಮಾಡಬೇಕು? ಮೈಸೂರು, ಬೆಂಗಳೂರುಗಳ ಮನೆ ಮಾಲೀಕರೇ, ಇರಾನಿನ ವಿದ್ಯಾರ್ಥಿ ಬಾಡಿಗೆ ಮನೆ ಕೇಳಿಕೊಂಡು ಬಂದರೆ ಪಾಸ್‌ಪೋರ್ಟು ನೋಡಿ, ವೀಸಾ ನೋಡಿ, ಪೊಲೀಸರಿಗೆ ಮಾಹಿತಿ ಕೊಡಿ, ಕಾನೂನು ಹೇಳುವುದನ್ನೆಲ್ಲ ಮಾಡಿ. ಅದಾದ ಮೇಲೆ ಕೀಲಿ ಕೊಡಿ. 'ಆ ದೇಶದವರಿಗೆ ಕೊಡೋದಿಲ್ಲ' ಎನ್ನಬೇಡಿ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಬೇರೆ ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಕೈಮಾಡಿದ ಗುಂಪು ನಮ್ಮ ಊರಿನದೇ.

ಸುದ್ದಿಮನೆಯ ಗೆಳೆಯರೇ, ಬಾಂಬು ಬಿದ್ದ ಊರಿನಲ್ಲಿ ಏನಿತ್ತು, ಯಾರಿದ್ದರು ಎಂದು ಎರಡು ಸಾಲು ಬರೆಯಿರಿ. ಆ ಸಂಗೀತ ನಿಲ್ಲಿಸಿ.

ಆ ದಾರಿಯಲ್ಲಿ ಹೋಗಿ ಬಂದವರೇ, ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಿಮ್ಮ ಅಜ್ಜಿಯೂ ಹೇಳಿಯೇ ಇರುತ್ತಾರೆ. ಆ ಮನೆಯ ಮೇಲೆ ಕಲ್ಲು ಬೀಳುವಾಗ ಬಾಯಿ ಮುಚ್ಚಿಕೊಂಡಿರುವುದೂ ಎರಡು ಬಗೆದಂತೆಯೇ. ನಿಮ್ಮ ಪ್ರವಾಸದ ವಿಡಿಯೋಗಳಿಗೆ ವ್ಯೂಸ್ ಬಂದವು, ಲೈಕು ಬಂದವು, ನಿಮಗೆ ಹೆಸರೂ ಬಂತು. ಆ ಅನ್ನ ಬಡಿಸಿದವರಿಗೆ ಏನು ಬಂತು? ಕಾಲೇಜುಗಳಿಗೆ ಹೋಗಿ, ಸಂಘಗಳ ಸಭೆಗೆ ಹೋಗಿ, ಮನೆಯ ಜಗಲಿಯಲ್ಲಾದರೂ ಕೂತು ಹೇಳಿ. ಚೆಂದದ್ದನ್ನಷ್ಟೇ ಅಲ್ಲ, ಅಲ್ಲಿ ಕಂಡ ಭಯವನ್ನೂ, ಆಫ್ಘನ್ ಕೂಲಿಯವನನ್ನೂ ಸೇರಿಸಿ ಹೇಳಿ. ಆದರೆ ನಿಮ್ಮನ್ನು ಉಳಿಸಿಕೊಂಡವರ ಮುಖ, ಹೆಸರು, ಮನೆಯ ಬಾಗಿಲು ಎಲ್ಲೂ ತೋರಿಸಬೇಡಿ. ಪರದೇಶಿಯನ್ನು ಮನೆಯಲ್ಲಿಟ್ಟುಕೊಂಡದ್ದಕ್ಕೂ ಅಲ್ಲಿ ವಿಚಾರಣೆಗೆ ಕರೆಯಬಹುದು. ಹಳೆಯ ವಿಡಿಯೋಗಳಲ್ಲಿ ಅವೆಲ್ಲ ಇದ್ದರೆ ಇವತ್ತೇ ತೆಗೆಯಿರಿ, ತೆಗೆದು ಮಾತು ಶುರುಮಾಡಿ.